ಅಣ್ಣನ ಎರಡು ತೇಜಿಗಳು

ನಮ್ಮ ಅಣ್ಣನ ಬಲಗೈಯ ಉಂಗುರದ ಬೆರಳು ಅರ್ಧವೇ ಇತ್ತು. ಉಳಿದರ್ಧವನ್ನು ಶೇಂಗಾ ಒಡೆಯುವ ಮಿಷಿನ್ನಿನ ಪಟ್ಟಾ ತೆಗೆದುಕೊಂಡು ಹೋಗಿತ್ತು. ರಾಯಚೂರಿನ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಟವೆಲಿನಡಿ ಕೈ ಹಿಡಿದು ಬೆರಳಿನಿಂದಲೇ ದರ ಹೇಳುವ ಕಾಲ ಅದು. ಅಣ್ಣನ ಕೈ ಹಿಡಿದವರು, "ಏನಪ್ಪಾ, ಇದು ರೂಪಾಯಿನೋ ಎಂಟಾಣೆನೋ?" ಎಂದು ಚೇಷ್ಟೆ ಮಾಡುತ್ತಿದ್ದರು. "ಕೊಡೂವಾಗ ಎಂಟಾಣೆ, ತಗೊಳ್ಳೂವಾಗ ರೂಪಾಯಿ" ಎಂದು ಅಣ್ಣ ನಗದೆ ಹೇಳುತ್ತಿದ್ದ. ಅವರೇ ನಗುತ್ತಿದ್ದರು.

ಮಾನ್ವಿಯಲ್ಲಿ ಆ ಮಿಷಿನ್ನಿನಿಂದಲೇ ನಮ್ಮ ಮನೆ ನಡೆಯುತ್ತಿತ್ತು. ಕಲ್ಲೂರಿನ ಕಡೆಯಿಂದ ಬಂಡಿ ತುಂಬಿ ಶೇಂಗಾ ಬರುತ್ತಿತ್ತು. ಅಣ್ಣ ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದೆಯೋ ಇಲ್ಲವೋ ಹೇಳುತ್ತಿದ್ದ. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಅವನ ಜೊತೆ ನಿಂತವನು. ನಾಚಿಕೆ ಹೆಚ್ಚು, ಮಾತು ಕಡಿಮೆ. "ದೇವರು ನಿನಗ ಬಾಯಿ ಉಣ್ಣಾಕಷ್ಟ ಕೊಟ್ಟಾನಲೇ" ಎಂದು ಅಣ್ಣ ರೇಗಿಸುತ್ತಿದ್ದ.

ಮಿಷಿನ್ನಿನ ಜೊತೆಗೆ ಅಣ್ಣನಿಗೆ ಇನ್ನೊಂದು ವ್ಯವಹಾರವಿತ್ತು. ಅದಕ್ಕೆ ತೇಜಿ ಎನ್ನುತ್ತಿದ್ದರು. ದರ ಏರುತ್ತದೆಂದು ಹೆದರಿದವನು ಮುಂಗಡವಾಗಿ ಸ್ವಲ್ಪ ಹಣ ಕೊಟ್ಟು, ಇಂಥ ದಿನದೊಳಗೆ ಇಂಥ ದರಕ್ಕೆ ಶೇಂಗಾ ಕೇಳುವ ಹಕ್ಕು ಕೊಳ್ಳುತ್ತಿದ್ದ. ಬೇಡವೆನಿಸಿದರೆ ಕೇಳದೆ ಬಿಡಬಹುದು. ಆದರೆ ಮುಂಗಡ ತಿರುಗಿ ಬರುವುದಿಲ್ಲ. ಸರ್ಕಾರ ಇದನ್ನು ನಿಲ್ಲಿಸಿತ್ತು. ಹಾಗಾಗಿ ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಅಣ್ಣ ರಾಯಚೂರಿನ ಎಣ್ಣೆಮಿಲ್ಲಿನ ಮಾಲಕರಿಗೆ ಒಂದು ತೇಜಿ ಮಾರುತ್ತಿದ್ದ. ಅದಕ್ಕಿಂತ ತುಸು ಮೇಲಿನ ದರಕ್ಕೆ ದೇವದುರ್ಗದ ಹಿರಿಯ ವ್ಯಾಪಾರಿಯೊಬ್ಬರಿಂದ ಇನ್ನೊಂದು ತೇಜಿ ಕೊಳ್ಳುತ್ತಿದ್ದ. ಅವರನ್ನು ನಾವು ಚಾಚಾ ಎನ್ನುತ್ತಿದ್ದೆವು. ದರ ಏರದಿದ್ದರೆ ಮುಂಗಡದಲ್ಲಿ ಉಳಿದದ್ದು ಅಣ್ಣನಿಗೆ. ಏರಿದರೆ ಅಲ್ಲಿ ತೆಗೆದುಕೊಂಡು ಇಲ್ಲಿ ಕೊಡುವುದು. ಹೋಗುವುದು ಎರಡು ದರಗಳ ನಡುವಿನ ಅಂತರವಷ್ಟೇ. ಊರಿನವರು ಮಾತ್ರ ಅವನನ್ನು ಸಟ್ಟಾದವ, ಜೂಜಿನವ ಎಂದೇ ಕರೆಯುತ್ತಿದ್ದರು. ಅದು ನನಗೆ ಚುಚ್ಚುತ್ತಿತ್ತು.

ಒಂದು ವರ್ಷ ಶೇಂಗಾ ಹೂ ಬಿಡುವ ಹೊತ್ತಿಗೆ ಮಳೆ ನಿಂತಿತು. ದರ ದಿನಾ ಏರತೊಡಗಿತು. ಅಣ್ಣ ಮಾರಿದ ತೇಜಿಗೆ ಮಿಷಿನ್ನನ್ನು ಮೊದಲೇ ಒತ್ತೆ ಇಟ್ಟಿದ್ದ. ಈಗ ಮಾಲಕರು ಇನ್ನಷ್ಟು ಇಡು ಎಂದರು. ದೇವದುರ್ಗದಲ್ಲಿ ನನ್ನದೂ ಒಂದು ತೇಜಿ ಇದೆ, ನಾನು ಬೀಳುವುದಿಲ್ಲ ಎಂದು ಅಣ್ಣ ವಾದಿಸಿದ. "ದೇವದುರ್ಗದ್ದು ನಿನಗ ಗೊತ್ತು. ನನಗ ನೀ ಒಬ್ಬಾವ ಗೊತ್ತು" ಎಂದರಂತೆ ಮಾಲಕರು. ಮಿಷಿನ್ನು ನಿಂತ ಜಾಗವನ್ನೂ ಒತ್ತೆ ಇಟ್ಟು ಬಂದ. ಆಮೇಲೆ ಗಂಜಿನ ಚೇಷ್ಟೆಗೆ ಅವನು ಉತ್ತರ ಕೊಡುವುದು ನಿಂತುಹೋಯಿತು. ಉಣ್ಣುತ್ತ ಕೂತವನು ನಡುವೆ ಎದ್ದು ಹೋಗಿ, ನಿಂತಿದ್ದ ಮಿಷಿನ್ನಿನ ಗಾಲಿಯ ಮೇಲೆ ಕೈ ಇಟ್ಟು ಬರುತ್ತಿದ್ದ.

ಎರಡೂ ತೇಜಿಗಳಿಗೆ ವಾಯಿದೆ ಒಂದೇ ದಿನ, ಹೊತ್ತು ಮುಳುಗುವವರೆಗೆ. ಅವತ್ತು ಬೆಳಿಗ್ಗೆ ಮಿಲ್ಲಿನ ಆಳು ಬಂದು, ಮಾಲಕರು ಮಾಲು ಕೇಳಿದ್ದಾರೆ ಎಂದ. ಅಣ್ಣ ರಾಯಚೂರಿಗೆ ಹೊರಟು ನಿಂತು ನನ್ನನ್ನು ದೇವದುರ್ಗಕ್ಕೆ ಕಳಿಸಿದ.

"ಹೊತ್ತು ಮುಳುಗೂದ್ರೊಳಗ ಚಾಚಾಗ ಬಾಯಿ ಬಿಟ್ಟು ಹೇಳು, ನಮ್ಮ ತೇಜಿ ತಗೋತೀವಿ ಅಂತ. ಇಲ್ಲಿ ಅವರು ಕೇಳ್ಯಾರ ಅಂತ ಅಲ್ಲಿ ತಾನ ಏನೂ ಆಗಂಗಿಲ್ಲ, ತಿಳೀತಿಲ್ಲೋ?"

ತಿಳಿಯಿತು ಎಂದೆ.

ಬಸ್ಸು ಅರಕೇರಾ ದಾಟುವಾಗ ಹೊಲಗಳು ಬೂದಿಯ ಬಣ್ಣಕ್ಕೆ ತಿರುಗಿದ್ದವು. ದೇವದುರ್ಗದಲ್ಲಿ ಚಾಚಾರ ಅಂಗಡಿ ಮುಚ್ಚಿತ್ತು. ಅವರ ತಾಯಿ ತೀರಿಕೊಂಡು ಮೂರನೆಯ ದಿನ, ಇವತ್ತು ಜಿಯಾರತ್ ಎಂದು ಪಕ್ಕದ ಅಂಗಡಿಯವನು ಹೇಳಿದ. ಮನೆಗೆ ಹೋದೆ. ಅಂಗಳದ ತುಂಬ ಜನ. ಚಾಚಾ ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಊಟ ಬಂತು, ಉಂಡೆ. ಅರಳೆ ವ್ಯಾಪಾರಿಯೊಬ್ಬ ಮೆಲ್ಲಗೆ, "ಇವರಣ್ಣ ಬಂದಿದ್ರ ಇಲ್ಲೂ ರೇಟ್ ಕೇಳ್ತಿದ್ದ. ಸಣ್ಣಾವ ಮರ್ಯಾದಸ್ಥ" ಎಂದ. ಒಂದಿಬ್ಬರು ಹೌದೆಂದು ತಲೆ ಆಡಿಸಿದರು.

ಆ ಮಾತು ನನಗೆ ಹಿತವಾಯಿತು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಏಳುವಾಗ ಚಾಚಾ ತಾವಾಗಿಯೇ ಕೇಳಿದರು. "ಮತ್ತೇನಾರ ಹೇಳೂದಿತ್ತೇನಪ್ಪಾ?"

"ಏನಿಲ್ಲ ಚಾಚಾ. ಮಣ್ಣಿಗೆ ಬರಾಕಾಗಲಿಲ್ಲ, ಅದಕ್ಕ ಬಂದೆ" ಎಂದೆ.

ಅವರ ತಾಯಿ ಹೋದದ್ದು ನನಗೆ ತಿಳಿದದ್ದೇ ಅವತ್ತು ಮಧ್ಯಾಹ್ನ. ಬಸ್ಸಿನಲ್ಲಿ ಕೂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ: ದರ ಏರಿದ್ದು ಚಾಚಾರಿಗೂ ಗೊತ್ತು, ನಾವು ಕೇಳಿದ್ದೇವೆಂದು ಅವರೇ ತಿಳಿದುಕೊಳ್ಳುತ್ತಾರೆ, ಒಂದು ತೇಜಿ ಇನ್ನೊಂದನ್ನು ತಾನೇ ಹೊಡೆದುಹಾಕುತ್ತದೆ. ಕಿಟಕಿಯ ಹೊರಗೆ ಹೊತ್ತು ಮುಳುಗುತ್ತಿತ್ತು. ಅತ್ತ ನೋಡದೆ ಕೂತೆ.

ಮನೆಗೆ ಬಂದ ಅಣ್ಣನಿಗೆ ಇದ್ದದ್ದನ್ನು ಹೇಳಿದೆ. ಅವನು ಬೈಯಲಿಲ್ಲ. ಬೆಳಕು ಹರಿಯುತ್ತಲೇ ನನ್ನನ್ನೂ ಕರೆದುಕೊಂಡು ದೇವದುರ್ಗಕ್ಕೆ ಹೋದ. ಚಾಚಾ ನನ್ನ ಕಡೆ ತಿರುಗಿದರು.

"ನಾ ಕೇಳಿದೆ, ನೀ ಏನಿಲ್ಲ ಅಂದಿ. ನಮ್ಮ ಅಮ್ಮಾನೂ ವ್ಯಾಪಾರಸ್ಥರ ಮನಿಯಾಕಿ ಇದ್ದಳು, ಬೇಟಾ. ನೀ ಕೇಳಿದ್ರ ತಪ್ಪು ತಿಳೀತಿರಲಿಲ್ಲ."

ಅಣ್ಣನಿಗೆ ಕೊಟ್ಟ ತೇಜಿಯ ಸಲುವಾಗಿ ಅವರೂ ಬೇರೆ ಊರಿನವರಿಂದ ಒಂದು ಕೊಂಡಿಟ್ಟಿದ್ದರು. ನಾವು ಕೇಳಲಿಲ್ಲವೆಂದು, ಮನೆಯ ದುಃಖದ ನಡುವೆ ಅವರೂ ಅಲ್ಲಿ ಕೇಳದೆ ಬಿಟ್ಟಿದ್ದರು. ಹೊತ್ತು ಮುಳುಗುತ್ತಲೇ ಆ ಹಕ್ಕೂ ಹೋಗಿತ್ತು. ಅವರ ಮೇಲೆ ತಪ್ಪು ಹೊರಿಸಲು ನಮಗೆ ಏನೂ ಉಳಿದಿರಲಿಲ್ಲ.

ಅಣ್ಣ ಬಜಾರಿನ ದರಕ್ಕೆ ಶೇಂಗಾ ಕೊಂಡು, ಮಾತಾಡಿದ ಕಡಿಮೆ ದರಕ್ಕೆ ಮಿಲ್ಲಿಗೆ ಹಾಕಬೇಕಾಯಿತು. ಮಿಷಿನ್ನು ಹೋಯಿತು, ಜಾಗ ಹೋಯಿತು. ಅದಾದರೂ ಹೋಗಲಿ. ಗಂಜಿನಲ್ಲಿ ಎಲ್ಲರ ಮುಂದೆ ಮಿಲ್ಲಿನ ಮಾಲಕರು, ದೇವದುರ್ಗಕ್ಕೆ ಯಾಕೆ ಹೇಳಿ ಕಳಿಸಲಿಲ್ಲ ಎಂದು ಕೇಳಿದರು. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅಣ್ಣ, "ವಾಯಿದೆ ಮರತೆರೀ" ಎಂದ.

ಮೋಸ ಹೋದವನನ್ನು ಗಂಜು ಮರಳಿ ಸೇರಿಸಿಕೊಳ್ಳುತ್ತದೆ. ವಾಯಿದೆ ಮರೆತವನನ್ನು ಸೇರಿಸಿಕೊಳ್ಳುವುದಿಲ್ಲ. ಆಮೇಲೆ ಟವೆಲಿನಡಿ ಯಾರೂ ಅವನ ಕೈ ಹಿಡಿಯಲಿಲ್ಲ. ಮಾನ್ವಿಯಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಚೀಲ ತೂಗುತ್ತ ಉಳಿದ ಕಾಲ ಕಳೆದ. ನನ್ನ ಮದುವೆಯನ್ನೂ ಅವನೇ ನಿಂತು ಮಾಡಿಸಿದ. ಜ್ವರ ಹಿಡಿದು ಮಲಗಿದ್ದಾಗ ಒಮ್ಮೆ ಮಾತ್ರ ಆ ದಿನದ ಮಾತು ತೆಗೆದ. "ಅವತ್ತು ಊಟಕ್ಕ ಏನ ಮಾಡಿದ್ದರಲೇ?" ಎಂದ. ಕುಷ್ಕಾ, ದಾಲ್ಚಾ ಎಂದೆ. "ಛಲೋ ಇತ್ತೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗೋಡೆಯ ಕಡೆ ತಿರುಗಿದ. ಆ ಜ್ವರದಿಂದ ಅವನು ಏಳಲಿಲ್ಲ.

ಮಣ್ಣಿಗೆ ರಾಯಚೂರಿನಿಂದ ಮಿಲ್ಲಿನ ಮಾಲಕರು ಬಂದಿದ್ದರು. ಅವರಿಗೂ ವಯಸ್ಸಾಗಿತ್ತು. ಹಿಡಿ ಮಣ್ಣು ಹಾಕಿ, ಕೈ ಒರೆಸಿಕೊಳ್ಳುತ್ತ, ನಿಂತವರಿಗೆಲ್ಲ ಕೇಳುವಂತೆ, "ಭಾಳ ಛಲೋ ಮನುಷ್ಯ. ವಾಯಿದೆ ಒಂದು ಮರತು ಕೆಟ್ಟ" ಎಂದರು. ಎಲ್ಲರೂ ತಲೆ ಆಡಿಸಿದರು. ಅಣ್ಣನ ಮಕ್ಕಳು ಕೇಳಿಸಿಕೊಳ್ಳುತ್ತ ನಿಂತಿದ್ದರು. ನಾನೂ ತಲೆ ಆಡಿಸಿದೆ.

ಅವನು ಮರೆತಿರಲಿಲ್ಲ. ಆ ಮಕ್ಕಳು ಇದನ್ನು ಓದಲಿ ಎಂದು ಬರೆದಿದ್ದೇನೆ.