ಖಾಲಿ ಕುರ್ಚಿಗೆ ಬೀಸಿದ ಕಡ್ಡಿ

ಡೀನಾ ಟೆವೆಸ್ ನಮ್ಮ ಮೇಲಿನ ಕೋಣೆಗೆ ಬಾಡಿಗೆಗೆ ಬಂದಾಗ, ಇಲ್ಲಿನ ಯೂನಿವರ್ಸಿಟಿಯಲ್ಲಿ ಬ್ಯಾಂಡ್ ನಡೆಸುವುದನ್ನು ಓದಲು ಬಂದಿದ್ದೇನೆ ಎಂದಳು. ಪಕ್ಕದ ಮನೆಯ ಲವೊನ್ ನನ್ನನ್ನು ಹೆದರಿಸಿದಳು. "ಕಹಳೆ, ಡೋಲು ಎಲ್ಲಾ ಇನ್ನು ನಿನ್ ತಲೆ ಮೇಲೇ ಕಣೇ ಆರ್ಲಿಸ್. ಕಿವಿಗೆ ಹತ್ತಿ ತಂದಿಟ್ಕೋ."

ಹತ್ತಿ ಬೇಕಾಗಲಿಲ್ಲ. ಬ್ಯಾಂಡ್ ನಡೆಸುವವರ ಕೈಯಲ್ಲಿ ವಾದ್ಯವಿರುವುದಿಲ್ಲ, ಒಂದು ಬಿಳಿ ಕಡ್ಡಿ ಮಾತ್ರ. ಒಗೆದ ಬಟ್ಟೆ ಕೊಡಲು ಮೇಲೆ ಹೋದರೆ ಕನ್ನಡಿಯ ಮುಂದೆ ನಿಂತಿರುತ್ತಿದ್ದಳು. ಹಾಸಿಗೆಯ ಮೇಲಿನ ದಿಂಬುಗಳೇ ಕೊಳಲಿನವರು. ಕಿಟಕಿಯ ಹತ್ತಿರದ ಸ್ಟೂಲು ಟ್ಯೂಬಾ, ಅಂದರೆ ಮಡಿಲು ತುಂಬುವಷ್ಟು ದೊಡ್ಡ ಕಹಳೆ. ಕಡ್ಡಿ ಎತ್ತುವಳು, ಇಳಿಸುವಳು, ಎಡಗೈ ಚಾಚಿ ಯಾರನ್ನೋ ಕರೆಯುವಳು. ಒಂದು ಸದ್ದೂ ಇರುತ್ತಿರಲಿಲ್ಲ.

ಅವಳು ನೆಬ್ರಾಸ್ಕ ರಾಜ್ಯದ ಸಣ್ಣ ಊರೊಂದರಲ್ಲಿ ಮಕ್ಕಳ ಬ್ಯಾಂಡಿಗೆ ಟೀಚರ್ ಆಗಿದ್ದವಳು. ಆ ಶಾಲೆಯನ್ನು ಪಕ್ಕದೂರಿನದಕ್ಕೆ ಸೇರಿಸಿದಾಗ ಕೆಲಸ ಹೋಯಿತು. ನಲವತ್ತರ ಹತ್ತಿರ ಮತ್ತೆ ವಿದ್ಯಾರ್ಥಿನಿಯಾದಳು. ತರಗತಿಯ ಹುಡುಗರಿಗೆ ಇವಳು ಜೊತೆಗಾತಿಯೂ ಅಲ್ಲ, ಗುರುವೂ ಅಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು ಮೇಲೆ ಹೋಗುತ್ತಿದ್ದಳು.

ಪದವಿ ಸಿಗಬೇಕಾದರೆ ಚಳಿಗಾಲ ಕಳೆದ ಮೇಲೆ ಒಂದು ಸಂಗೀತ ಕಛೇರಿ ನಡೆಸಿ ತೋರಿಸಬೇಕಿತ್ತು. ಅದಕ್ಕೆ ಬ್ಯಾಂಡನ್ನು ಯೂನಿವರ್ಸಿಟಿಯವರು ಕೊಡುವುದಿಲ್ಲ. ನುಡಿಸುವವರನ್ನು ತಾನೇ ಕೇಳಿ ಕೂಡಿಸಬೇಕು. ಅವರು ಸ್ನೇಹಕ್ಕೆ, ಪಿಟ್ಜಾದ ಆಸೆಗೆ ಬರುತ್ತಾರೆ. ಕಹಳೆಯವರ ಜೊತೆ ಬಿಯರ್ ಕುಡಿಯುವ ಹುಡುಗರಿಗೆ ಅದು ಒಂದು ಸಂಜೆಯ ಕೆಲಸ. ಡೀನಾ ಯೂನಿವರ್ಸಿಟಿಯ ಗೋಡೆಗೆ 'ನುಡಿಸುವವರು ಬೇಕು' ಎಂದು ಚೀಟಿ ಅಂಟಿಸಿ ಬಂದಳು.

"ಬಾಯಿಬಿಟ್ಟು ಯಾರನ್ನಾದ್ರೂ ಕೇಳಿದ್ಯಾ?" ಎಂದೆ.

"ಅವ್ರಿಗೂ ಕೆಲ್ಸ ಇರುತ್ತಲ್ವಾ ಆರ್ಲಿಸ್. ಬರೋರು ಬರ್ತಾರೆ ಬಿಡಿ."

ಮೊದಲ ತಾಲೀಮಿಗೆ ತಿಂಡಿಯ ತಟ್ಟೆ ಹೊತ್ತು ನಾನೂ ಹೋದೆ. ಕುರ್ಚಿಗಳು ಹೆಚ್ಚು, ಜನ ಕಡಿಮೆ. ಎಡಗಡೆ ಕ್ಲಾರಿನೆಟ್ಟಿನ ಹುಡುಗಿಯರು, ನಡುವೆ ಕಹಳೆಯವರು ಒಂದಿಬ್ಬರು, ಹಿಂದೆ ಡೋಲಿನವನೊಬ್ಬ. ಬಲಗಡೆ ಟ್ಯೂಬಾದ ಕುರ್ಚಿ ಖಾಲಿ. ಅವಳ ಗುರು ಹಾಗನ್ ಗೋಡೆಗೊರಗಿ ಕೂತಿದ್ದರು.

ಶುರುವಿನಲ್ಲಿ ಚೆನ್ನಾಗಿಯೇ ಹೋಯಿತು. ನಡುವೆ ಒಂದು ಕಡೆ ಅವಳು ಪೂರ್ತಿ ಬಲಕ್ಕೆ ತಿರುಗಿ, ಆ ಖಾಲಿ ಕುರ್ಚಿಗೆ ಎಡಗೈ ಚಾಚಿದಳು. ಅದು ನುಡಿಸಿತೆಂಬಂತೆ ತಲೆದೂಗಿ ಮುಗುಳ್ನಕ್ಕಳು ಕೂಡ. ಎಡಗಡೆಯವರು ಅವಳ ಸನ್ನೆಗಾಗಿ ಕಾಯುತ್ತಿದ್ದರು. ಸನ್ನೆ ಬರಲಿಲ್ಲ. ಒಬ್ಬೊಬ್ಬರೇ ತಪ್ಪಿ ನಿಂತುಬಿಟ್ಟರು.

"ಟ್ಯೂಬಾದವ್ನು ಇವತ್ತು ಭಾರಿ ನುಡಿಸ್ದ," ಎಂದ ಡೋಲಿನವನು.

"ಪಿಟ್ಜಾದಲ್ಲಿ ಅವನಿಗೂ ಪಾಲಿದ್ಯಾ?" ಎಂದಳು ಕ್ಲಾರಿನೆಟ್ಟಿನವಳೊಬ್ಬಳು. ಎಲ್ಲರೂ ನಕ್ಕರು.

ಹಾಗನ್ ನಗಲಿಲ್ಲ. "ಡೀನಾ, ಬಂದಿರೋರು ಈ ಕಡೆ ಇದಾರಮ್ಮ," ಎಂದರು.

ಅವಳ ಕುತ್ತಿಗೆ ಕೆಂಪಾಯಿತು. ಕಡ್ಡಿ ಕೆಳಗಿಟ್ಟಳು. ಅಲ್ಲಿಂದ ಹೋಗಿಬಿಡುತ್ತಾಳೆ ಎಂದುಕೊಂಡೆ. ಆದರೆ ನುಡಿಸುವವರ ಕಡೆ ತಿರುಗಿದಳು. "ನಂಗೆ ಈ ಊರಲ್ಲಿ ಯಾರೂ ಗೊತ್ತಿಲ್ಲ. ಟ್ಯೂಬಾ ನುಡಿಸೋರು ನಿಮ್ಗೆ ಯಾರಾದ್ರೂ ಗೊತ್ತಿದ್ರೆ... ನನಗೋಸ್ಕರ ಒಂದ್ ಮಾತು ಕೇಳ್ತೀರಾ?"

ತಮಾಷೆ ಮಾಡಿದ ಹುಡುಗಿಯೇ ಫೋನ್ ತೆಗೆದಳು. "ಗ್ಯಾರೆಟ್ ಟ್ಯೂಬಾ ನುಡಿಸ್ತಾನೆ. ಇನ್ನೂ ಬಿದ್ಕೊಂಡಿರ್ತಾನೆ, ತಾಳಿ ಎಬ್ಬಿಸ್ತೀನಿ. ಮೊದ್ಲೇ ಕೇಳ್ಬಾರ್ದಿತ್ತಾ?"

ಕಛೇರಿಯ ದಿನ ನಾನೂ ಹೋಗಿದ್ದೆ. ಟ್ಯೂಬಾದ್ದೂ ಸೇರಿ ಕುರ್ಚಿಗಳೆಲ್ಲ ತುಂಬಿದ್ದವು. ಅವಳು ಒಂದೊಂದು ಗುಂಪನ್ನೂ ಮುಖ ಕೊಟ್ಟು ನೋಡಿ ಕರೆದಳು. ಪಾಸಾದಳು. ಆಮೇಲೆ ನುಡಿಸಿದವರು ವಾದ್ಯಗಳ ಪೆಟ್ಟಿಗೆ ಮುಚ್ಚಿ, "ನಮ್ ಮನೇಲಿ ಪಾರ್ಟಿ, ಬನ್ನಿ" ಎಂದು ಬೀದಿಯ ಹೆಸರನ್ನೂ ಹೇಳಿ ಕರೆದರು. ಬೇಡ ಎಂದಳು. ಇನ್ನೊಮ್ಮೆ ಕರೆದರು. "ಇಲ್ಲ, ನೀವು ಹೊರಡಿ," ಎಂದಳು. ನಮ್ಮ ಕಡೆಯ ಹಳಬರಲ್ಲಿ, ಅವಳ ಊರಲ್ಲೂ, ಮೂರನೇ ಸಲ ಕರೆದಾಗ ಒಪ್ಪಿಕೊಳ್ಳುವುದು ರೂಢಿ. ಆ ಮಕ್ಕಳು ಎರಡು ಸಲ ಕರೆದು ಹೊರಟೇಹೋದರು.

ಅವಳು ಬಾಗಿಲನ್ನೇ ನೋಡುತ್ತ ನಿಂತಳು. "ಯಾವ ಬೀದಿ ಅಂದ್ರು, ಕೇಳಿಸ್ಕೊಂಡ್ರಾ?"

ಹೇಳಿದೆ. ಕೋಟು ಹಾಕಿಕೊಂಡು ಹೊರಟಳು.

ನಾನು ಮನೆಗೆ ಬಂದು ಚಹಾಕ್ಕೆ ನೀರಿಡುವಷ್ಟರಲ್ಲಿ ಅವಳೂ ಬಂದಳು. "ಇಷ್ಟು ಬೇಗ?" ಎಂದೆ.

"ತುಂಬಾ ಜನ ಇದ್ರು. ಬಾಗಿಲ ಹತ್ರ ನಿಂತ್ಕೊಂಡೇ ಒಂದ್ ಬಿಯರ್ ಕುಡ್ದೆ." ಕೋಟಿನ ಗುಂಡಿ ಬಿಚ್ಚಿದಳು. "ಟ್ಯೂಬಾದ ಗ್ಯಾರೆಟ್ ನನ್ನನ್ನ ಹೆಸರು ಹಿಡಿದು ಕರೆದ, ಆರ್ಲಿಸ್. ನನ್ ಹೆಸ್ರು ಅವ್ನಿಗೆ ಗೊತ್ತಿತ್ತು."