ಮಂಜಿಗೆ ಎರಡು ಹಳದಿ ದೀಪ

ಚಾರ್ಮಾಡಿ ಕಡೆಯ ಮಂಜಿನಲ್ಲಿ ನನ್ನ ಬೈಕಿನ ಹೆಡ್‌ಲೈಟು ಮಾಡುತ್ತಿದ್ದುದು ಒಂದೇ ಕೆಲಸ: ಎದುರಿಗೆ ಮಂಜು ಇದೆ ಎಂದು ತೋರಿಸುವುದು. ಆ ವಿಷಯ ನನಗೆ ಮೊದಲೇ ಗೊತ್ತಿರುತ್ತಿತ್ತು. ಗೊತ್ತಿಲ್ಲದ್ದು, ರಸ್ತೆ ಎಲ್ಲಿ ಮುಗಿಯಿತು, ಚರಂಡಿ ಎಲ್ಲಿ ಸುರುವಾಯಿತು ಎಂಬುದು. ಅದರ ಬಗ್ಗೆ ಹೆಡ್‌ಲೈಟು ತುಟಿ ಬಿಚ್ಚುತ್ತಿರಲಿಲ್ಲ.

ನಾನು ಪಶುವೈದ್ಯೆ. ಮನೆ ಬೆಳ್ತಂಗಡಿಯಲ್ಲಿ, ರೋಗಿಗಳು ಹೆಚ್ಚಾಗಿ ಕಕ್ಕಿಂಜೆಯ ಆಚೆಗಿನ ಗುಡ್ಡದ ಮೇಲೆ. ಐವತ್ತರ ಹತ್ತಿರದ ಹೆಂಗಸೊಬ್ಬಳು ಹಿಂದೆ ಔಷಧಿ ಪೆಟ್ಟಿಗೆ ಬಿಗಿದುಕೊಂಡು ಗೇರ್ ಇರುವ ಬೈಕಿನಲ್ಲಿ ಹೋಗುವುದನ್ನು ಮೊದಮೊದಲು ಜನ ನಿಂತು ನೋಡುತ್ತಿದ್ದರು. ಈಗ ದನಗಳು ಮಾತ್ರ ನೋಡುತ್ತವೆ. ಅವಕ್ಕೆ ಇಂಜೆಕ್ಷನ್ನಿನ ನೆನಪು. ಸ್ಕೂಟರ್ ಸಾಲದೇ ಎಂದು ಕೇಳುವವರನ್ನು ಒಮ್ಮೆ ಮಳೆಗಾಲದ ಕೆಸರಿನಲ್ಲಿ ಆ ಗುಡ್ಡ ಹತ್ತಿಸಬೇಕು ಎಂದು ನನಗೆ ಬಹಳ ಸಲ ಅನ್ನಿಸಿದೆ. ನನ್ನ ಯಜಮಾನರು ಮೆಲ್ಕಾರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಾರೆ. ಬೈಕ್ ಓಡಿಸಲು ಅವರು ಕಲಿಯಲೇ ಇಲ್ಲ. ಹಿಂದೆ ಕುಳಿತು ಬ್ರೇಕ್ ಹಾಕುವುದು ಮಾತ್ರ ಬರುತ್ತದೆ, ಅದನ್ನೂ ನನ್ನ ಹೆಗಲಿನ ಮೇಲೆ ಹಾಕುತ್ತಾರೆ.

ಹೋದ ಮಳೆಗಾಲದ ಒಂದು ಸಂಜೆ ಆ ಗುಡ್ಡದ ಮನೆಯೊಂದರಿಂದ ಕರೆ ಬಂತು. ದನ ಕರು ಹಾಕಲು ಒದ್ದಾಡುತ್ತಿದೆ ಎಂದರು. ಕೂಡಲೇ ಹೊರಟೆ. ಅರ್ಧ ದಾರಿಯಲ್ಲಿ ಮಂಜು ಕವಿಯಿತು. ಎರಡು ಕಾಲನ್ನೂ ನೆಲಕ್ಕೆ ತಾಗಿಸಿಕೊಂಡು, ಬೈಕನ್ನು ಕೈಹಿಡಿದು ನಡೆಸಿದ ಹಾಗೆ ಹೋದೆ. ತಲುಪಿದಾಗ ತಾಯಿ ಉಳಿದಿತ್ತು, ಕರು ಉಳಿದಿರಲಿಲ್ಲ. ಮನೆಯವರು ಕೈ ತೊಳೆಯಲು ಬಿಸಿನೀರು ಕೊಟ್ಟು, "ಈ ಮಂಜಿನಲ್ಲಿ ನೀವು ಬಂದದ್ದೇ ದೊಡ್ಡದು ಡಾಕ್ಟ್ರೇ" ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ಮಾತನ್ನು ಮರೆಯಲು ಆಗಲಿಲ್ಲ. ಮನೆಗೆ ಬಂದವಳೇ ಹೆಲ್ಮೆಟ್ ತೆಗೆಯುವ ಮೊದಲು ಹೇಳಿದೆ: ಬೈಕಿಗೆ ಮಂಜಿನ ದೀಪ ಹಾಕಿಸುತ್ತೇನೆ, ಹಾಕಿಸಿಯೇ ತೀರುತ್ತೇನೆ.

ನಮ್ಮ ಮನೆಯಲ್ಲಿ ಯಾವ ತೀರ್ಮಾನವೂ ಚರ್ಚೆಯಿಲ್ಲದೆ ಪಾಸಾಗುವುದಿಲ್ಲ. ಬ್ಯಾಟರಿ ಕೂತುಹೋಗುತ್ತದೆ, ಪೊಲೀಸರು ಹಿಡಿಯುತ್ತಾರೆ, ವಯರಿಂಗಿಗೆ ಬೆಂಕಿ ಹತ್ತುತ್ತದೆ ಎಂದು ಯಜಮಾನರು ಆಕ್ಷೇಪಗಳನ್ನು ಮಂಡಿಸಿದರು. ಅತ್ತೆಯವರದ್ದು ಬೇರೆಯೇ ಆಕ್ಷೇಪ. ನಾವು ಜೈನರು. ಮೂಡುಬಿದಿರೆಯ ತವರಿನಲ್ಲಿ ಕಲಿತದ್ದನ್ನು ಅತ್ತೆ ಇಂದಿಗೂ ಬಿಟ್ಟಿಲ್ಲ. ಸೂರ್ಯ ಮುಳುಗಿದ ಮೇಲೆ ಅವರು ತುತ್ತು ಎತ್ತುವುದಿಲ್ಲ, ಸೊಸೆಯೂ ಎತ್ತಬಾರದು. ದೀಪ ಹಚ್ಚಿದರೆ ಹುಳ ಬರುತ್ತದೆ, ಹುಳ ಬಂದರೆ ಸಾಯುತ್ತದೆ. "ಇರುವ ಒಂದು ದೀಪಕ್ಕೆ ಎಷ್ಟು ಹುಳ ಬಂದು ಬಡಿಯುತ್ತವೆ! ಇನ್ನೂ ಎರಡು ಬೇಕಾ ನಿನಗೆ?" ಎಂದರು.

ಬೆಳಕಿನ ಬಗ್ಗೆ ಆಗ ನಾನು ಸ್ವಲ್ಪ ಓದಿಕೊಂಡೆ. ಮಂಜು ಎಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿಗಳು. ದೂರಕ್ಕೆ ಬೀಳುವ ಬಿಳಿ ಬೆಳಕು ಅವಕ್ಕೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆ; ನಾವು ಎಷ್ಟು ಜೋರು ಬೆಳಕು ಬಿಟ್ಟರೆ ಅಷ್ಟು ದಪ್ಪದ ಗೋಡೆ. ಆದ್ದರಿಂದ ದೀಪ ಕೆಳಗಿರಬೇಕು, ಅಗಲಕ್ಕೆ ಹರಡಬೇಕು, ಮಂಜಿನ ಹೊಟ್ಟೆಯಡಿಯಲ್ಲಿ ನುಸುಳಿ ನೆಲ ಮುಟ್ಟಬೇಕು. ಹಳದಿಯಾದರೆ ಕಣ್ಣಿಗೆ ಹಿತ. ಹಳದಿ ಬೆಳಕಿಗೆ ಹುಳವೂ ಕಡಿಮೆ ಎಂದು ಓದಿದಾಗ ಪುಸ್ತಕ ಮಡಚಿ ಸೀದಾ ಅಡುಗೆಮನೆಗೆ ಹೋದೆ. ಅತ್ತೆ ಒಂದು ಕ್ಷಣ ಯೋಚಿಸಿ, "ಹಾಗಾದರೆ ಹಳದಿಯದ್ದೇ ಹಾಕಿಸು" ಎಂದರು. ಮನೆಯಲ್ಲಿ ಬಹುಮತ ಸಿಕ್ಕಿತು.

ಮೆಲ್ಕಾರಿನ ಅಂಗಡಿಗೆ ಇಬ್ಬರೂ ಹೋದೆವು. ಬೈಕ್ ಓಡಿಸಿಕೊಂಡು ಬಂದವಳು ನಾನು, ಹೆಲ್ಮೆಟ್ ಹಿಡಿದು ನಿಂತವಳು ನಾನು. ಅಂಗಡಿಯ ರಾಜೇಶ ಮಾತಾಡಿದ್ದು ಮಾತ್ರ ಯಜಮಾನರ ಹತ್ತಿರ.

"ಸರ್, ನಿಮಗೆ ಎಂತದು ಬೇಕು? ಆರು ಬಲ್ಬಿನ ಪಟ್ಟಿ ಉಂಟು. ಹಾಕಿದ್ರೆ ಗುಡ್ಡೆಯ ಆಚೆ ಬದಿಯೂ ಕಾಣ್ತದೆ."

"ನನಗೆ ಗುಡ್ಡೆಯ ಆಚೆ ಬದಿ ಬೇಡ ಮಾರಾಯ. ರಸ್ತೆಯ ಈಚೆ ಬದಿ ಕಂಡರೆ ಸಾಕು," ಎಂದೆ. "ಹಳದಿಯದ್ದು, ಸಣ್ಣದು, ಎರಡು. ಲೆಗ್ ಗಾರ್ಡಿನ ಕೆಳಗೆ ಕೂರಿಸು. ಬೇರೆ ಸ್ವಿಚ್, ಬೇರೆ ಫ್ಯೂಸ್."

ರಾಜೇಶ ಯಜಮಾನರ ಮುಖ ನೋಡಿದ. ಅವರು ಎರಡೂ ಕೈ ಎತ್ತಿ, "ನನ್ನನ್ನು ನೋಡಬೇಡ. ನಾನು ಹಿಂದೆ ಕೂರುವವ" ಎಂದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರಾಡಿದ ಮಾತುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು.

ದೀಪ ಬಂದ ಮರುದಿನವೇ ಪೆಟ್ಟು ಬಿತ್ತು, ಮಾತಿನ ಪೆಟ್ಟು. ಮುಸ್ಸಂಜೆ ಎರಡನ್ನೂ ಹೊತ್ತಿಸಿಕೊಂಡು ಗತ್ತಿನಲ್ಲಿ ಬರುತ್ತಿದ್ದೆ. ಎದುರಿನಿಂದ ಬಂದ ರಿಕ್ಷಾ ಪಕ್ಕಕ್ಕೆ ಸರಿದು ನಿಂತಿತು. ಚಾಲಕ ಕಣ್ಣಿಗೆ ಕೈ ಅಡ್ಡ ಹಿಡಿದು, "ಎಂತ ಮಾರಾಯ್ರೇ, ಮದುವೆ ಚಪ್ಪರ ಕಟ್ಟಿಕೊಂಡು ಬರ್ತೀರಾ?" ಎಂದು ಕೂಗಿದ. ಹತ್ತಿರ ಬಂದಾಗ ಗುರುತು ಸಿಕ್ಕಿ, "ಓ, ಡಾಕ್ಟ್ರಾ! ನಮಗೂ ಕಣ್ಣು ಉಂಟು ಡಾಕ್ಟ್ರೇ" ಎಂದ. ನ್ಯಾಯವಾದ ಮಾತು. ರಾಜೇಶ ದೀಪಗಳನ್ನು ನೆಟ್ಟಗೆ ಕೂರಿಸಿಬಿಟ್ಟಿದ್ದ. ಮನೆಗೆ ಬಂದು ಬೈಕನ್ನು ಕಂಪೌಂಡ್ ಗೋಡೆಯ ಎದುರು ನಿಲ್ಲಿಸಿ, ದೀಪದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಬೆಳಕು ಆ ಗೆರೆಯ ಕೆಳಗೆ ಬೀಳುವ ತನಕ ಸ್ಪ್ಯಾನರ್ ಹಿಡಿದು ಹೊಡೆದಾಡಿದೆ. ಒಂದು ದೀಪ ಬಗ್ಗಿದರೆ ಇನ್ನೊಂದು ತಲೆ ಎತ್ತುತ್ತಿತ್ತು. ಗೋಡೆಯ ಪಕ್ಕದಲ್ಲಿ ನಿಂತು "ಇನ್ನೂ ಸ್ವಲ್ಪ ಕೆಳಗೆ" ಎಂದು ನಿರ್ದೇಶನ ಕೊಟ್ಟವರು ಅತ್ತೆ. ಆಮೇಲೆ ಯಾವ ರಿಕ್ಷಾದವನೂ ಕೂಗಲಿಲ್ಲ.

ಈ ಜುಲೈಯಲ್ಲಿ ಕರೆ ಬಂತು. ಕಕ್ಕಿಂಜೆ ದಾಟಿ ಮುಂದೆ, ಘಾಟಿಯ ರಸ್ತೆಯಿಂದ ಎಡಕ್ಕೆ ಮಣ್ಣುದಾರಿಯಲ್ಲಿರುವ ಗಿರಿಜಕ್ಕನ ಮನೆಯಿಂದ. "ಡಾಕ್ಟ್ರೇ, ಕರುವಿನ ತಲೆ ಕಾಣ್ತದೆ, ಒಂದು ಕಾಲು ಕಾಣ್ತದೆ, ಇನ್ನೊಂದು ಬರುವುದೇ ಇಲ್ಲ. ಬೇಗ ಬನ್ನಿ." ಸಂಜೆ ಆರು ಗಂಟೆ ಇರಬೇಕು. ಕಕ್ಕಿಂಜೆ ದಾಟಿದ್ದೇ ತಡ, ಮಂಜು ರಸ್ತೆಯನ್ನು ನುಂಗಿತು. ಹೆಡ್‌ಲೈಟು ಆರಿಸಿ ಹಳದಿ ಸ್ವಿಚ್ ಒತ್ತಿದೆ. ಕಾಲ ಬುಡದಿಂದ ಮುಂದಕ್ಕೆ ಒಂದು ಚಾಪೆ ಹಾಸಿದ ಹಾಗೆ ರಸ್ತೆ ಕಂಡಿತು. ದೊಡ್ಡ ಚಾಪೆಯೇನಲ್ಲ, ಆದರೆ ಅಂಚಿನ ಬಿಳಿ ಗೆರೆ ಇತ್ತು, ಚರಂಡಿಯ ಹುಲ್ಲು ಇತ್ತು. ಚಾಪೆ ಮುಂದೆ ಮುಂದೆ ಬಿಚ್ಚುತ್ತಾ ಹೋಯಿತು, ನಾನೂ ಹೋದೆ. ಕಾಲು ನೆಲಕ್ಕೆ ತಾಗಿಸಲಿಲ್ಲ. ಕನ್ನಡಿಯಲ್ಲಿ ಹಿಂದೆ ಏನೋ ಮಂಕು ಬೆಳಕು ಕಂಡ ಹಾಗಿತ್ತು; ನೋಡುವ ಪುರುಸೊತ್ತು ಇರಲಿಲ್ಲ.

ಗಿರಿಜಕ್ಕನ ಅಂಗಳದಲ್ಲಿ ಬೈಕ್ ನಿಲ್ಲಿಸಿ ಪೆಟ್ಟಿಗೆ ಬಿಚ್ಚುತ್ತಿದ್ದೆ. ನನ್ನ ಬೆನ್ನ ಹಿಂದೆಯೇ ಒಂದು ಕಾರು ಬಂದು ನಿಂತಿತು. ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟ ಇಬ್ಬರು ಇಳಿದರು. ಹಿರಿಯವರು ಸುತ್ತ ನೋಡಿ, ಹಟ್ಟಿ ನೋಡಿ, ನನ್ನನ್ನು ನೋಡಿ ಕೇಳಿದರು:

"ಇದು ಕೊಟ್ಟಿಗೆಹಾರಕ್ಕೆ ಹೋಗುವ ರೋಡ್ ಅಲ್ವಾ?"

"ಇದು ದನದ ಕೊಟ್ಟಿಗೆ," ಎಂದೆ. "ನೀವು ನನ್ನ ಹಿಂದೆ ಯಾಕೆ ಬಂದಿರಿ?"

"ಮಂಜಿನಲ್ಲಿ ನಮಗೆ ಎಂತದೂ ಕಾಣ್ಲಿಲ್ಲ ಮೇಡಂ. ಮುಂದೆ ನಿಮ್ಮದೊಂದು ಬೆಳಕು ಕಂಡಿತು. ದಾರಿ ಗೊತ್ತಿರುವವರು ಅಂತ ಕಕ್ಕಿಂಜೆಯಿಂದಲೇ ಹಿಡಿದುಕೊಂಡು ಬಂದೆವು."

ಹಿರಿಯವರು ಪಾಣೆಮಂಗಳೂರಿನಲ್ಲಿ ಬಟ್ಟೆ ಅಂಗಡಿ ಇರುವ ಹಮೀದ್, ಎಲ್ಲರ ಬಾಯಲ್ಲಿ ಹಮೀದಾಕ; ಜೊತೆಗಿದ್ದವ ಅವರ ಅಳಿಯ ನೌಷಾದ್ ಎಂದು ಗೊತ್ತಾಯಿತು. ಘಾಟಿ ಹತ್ತಿ, ಕೊಟ್ಟಿಗೆಹಾರ ದಾಟಿ, ಮೂಡಿಗೆರೆಯ ನೆಂಟರ ಮನೆಯ ಔತಣಕ್ಕೆ ಹೊರಟವರು. ನಗಲು ಸಮಯವಿರಲಿಲ್ಲ. ಹಟ್ಟಿಯೊಳಗೆ ದನ ಮಲಗಿಕೊಂಡು ನರಳುತ್ತಿತ್ತು. ಗಿರಿಜಕ್ಕನ ಗಂಡನ ಬಲಗೈ ಪ್ಲಾಸ್ಟರಿನಲ್ಲಿತ್ತು. ಸಾಬೂನು ಹಚ್ಚಿ ಕೈ ಒಳಗೆ ಹಾಕಿದೆ. ಕರುವಿನ ಒಂದು ಮುಂಗಾಲು ಮಂಡಿಯಲ್ಲಿ ಮಡಚಿ ಸಿಕ್ಕಿಹಾಕಿಕೊಂಡಿತ್ತು. ನಾಲಗೆ ಮುಟ್ಟಿದೆ; ಎಳೆದುಕೊಂಡಿತು. ಜೀವ ಇದೆ!

ಕರುವನ್ನು ಒಳಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕಾಲನ್ನು ಬಿಡಿಸುವುದರಲ್ಲಿ ನನ್ನ ತೋಳಿನ ಶಕ್ತಿ ಅಷ್ಟೂ ಖರ್ಚಾಯಿತು. ಎರಡು ಕಾಲಿಗೂ ಹಗ್ಗ ಹಾಕಿದೆ. ಇನ್ನು ಎಳೆಯಬೇಕು. ಬಾಗಿಲಲ್ಲಿ ಇಬ್ಬರು ಬಿಳಿ ಅಂಗಿಯವರು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು.

"ಹಮೀದಾಕ, ಒಂದು ಕೈ ಹಾಕಬೇಕು. ಬಟ್ಟೆ ಹಾಳಾಗ್ತದೆ."

"ಬಟ್ಟೆ ನಮ್ಮ ಅಂಗಡಿಯಲ್ಲಿ ಬೇಕಾದಷ್ಟು ಉಂಟು," ಎಂದವರೇ ಅಂಗಿಯ ತೋಳು ಮಡಚಿದರು. "ಬಾ ನೌಷಾದ್. ಹಗ್ಗ ಹಿಡಿ."

"ದನ ತಿಣುಕಿದಾಗ ಎಳೀರಿ, ಅದು ನಿಲ್ಲಿಸಿದಾಗ ನಿಲ್ಲಿಸಿ. ಅವಸರ ಬೇಡ," ಎಂದೆ. ಅವರು ಎಳೆದರು, ನಿಂತರು, ಎಳೆದರು. ಗಿರಿಜಕ್ಕ ದನದ ತಲೆ ತೊಡೆಯ ಮೇಲಿಟ್ಟುಕೊಂಡು ಅದರ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದರು. ಕೊನೆಗೆ ಭುಜ ಜಾರಿತು, ಹಿಂದೆಯೇ ಇಡೀ ಕರು ನೌಷಾದನ ಮಡಿಲಿಗೇ ಬಂದು ಬಿತ್ತು. ಮೂಗು ಒರೆಸಿದೆ, ಹುಲ್ಲಿನಿಂದ ಎದೆ ತಿಕ್ಕಿದೆ. ಉಸಿರಿಲ್ಲ. ಮತ್ತೆ ತಿಕ್ಕಿದೆ. ಒಂದು ಸೀನು ಬಂತು. ಆಮೇಲೆ ಕಿವಿ ಕೊಡವಿತು.

"ಹೆಣ್ಣು ಕರು," ಎಂದೆ. ಹಮೀದಾಕ ಕಣ್ಣೊರೆಸಿಕೊಳ್ಳಲು ಕೈ ಎತ್ತಿ, ಕೈಯ ಸ್ಥಿತಿ ನೋಡಿ, ಹಾಗೇ ಕೆಳಗಿಳಿಸಿದರು.

ಗಿರಿಜಕ್ಕ ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟರು. ಸೂರ್ಯ ಮುಳುಗಿ ಆಗಿತ್ತೋ ಇಲ್ಲವೋ, ಆ ಮಂಜಿನಲ್ಲಿ ಹೇಳಲು ಬರುವಂತಿರಲಿಲ್ಲ. ಸಂಶಯದ ಲಾಭವನ್ನು ಕಾಫಿಗೆ ಕೊಟ್ಟು ಕುಡಿದುಬಿಟ್ಟೆ. ಅತ್ತೆಯವರು ಇದನ್ನು ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಹೊರಡುವಾಗಲೂ ಮಂಜು ಕರಗಿರಲಿಲ್ಲ. ಗಿರಿಜಕ್ಕನ ಗಂಡನ ಅಂಗಿಗಳಲ್ಲಿ ಮಾವ, ಅಳಿಯ ಇಬ್ಬರೂ ಸ್ವಲ್ಪ ಬಿಗಿಯಾಗಿ ಕಾಣುತ್ತಿದ್ದರು. "ಘಾಟಿ ನಾಳೆ ಬೆಳಿಗ್ಗೆ ಹತ್ತುವ," ಎಂದು ಹಮೀದಾಕ ಅಳಿಯನಿಗೆ ಹೇಳಿ, ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಡಾಕ್ಟ್ರೇ, ನೀವು ಈಗ ಎಲ್ಲಿಗೆ?"

"ಮನೆಗೆ, ಬೆಳ್ತಂಗಡಿಗೆ. ಯಾಕೆ?"

"ಎಂತ ಇಲ್ಲ. ಈ ಸಲ ಮೊದಲೇ ಕೇಳಿಕೊಳ್ಳುವ ಅಂತ," ಎಂದರು. "ನೀವು ದೀಪ ಹಾಕಿ. ನಾವು ಹಿಂದೆ ಬರ್ತೇವೆ."