ಗೋಣೆಪ್ಪ ಹೋದದ್ದೆಲ್ಲಿಗೆ

ಯಲವಿಗಿ ಸ್ಟೇಶನ್ನಿನಲ್ಲಿ ಟಿಕೀಟು ಕೊಡುವ ಕೆಲಸ ನನ್ನದು. ಪುಣೆ, ಮುಂಬಯಿ, ಮದ್ರಾಸು ಎಂದು ದಿನವಿಡೀ ಊರುಗಳನ್ನು ಕಿಟಕಿಯಿಂದ ಆಚೆ ದಾಟಿಸುತ್ತೇನೆ. ನಾನು ಮಾತ್ರ ಉತ್ತರಕ್ಕೆ ಹುಬ್ಬಳ್ಳಿಯನ್ನೂ ದಕ್ಷಿಣಕ್ಕೆ ಹರಿಹರವನ್ನೂ ದಾಟಿದವನಲ್ಲ. ಹರಿಹರಕ್ಕೆ ಹೋದದ್ದಾದರೂ ಕನ್ಯೆ ನೋಡಲಿಕ್ಕೆ. ಕನ್ಯೆಯ ಕಡೆಯವರು ನನ್ನನ್ನು ನೋಡಿದ ಮೇಲೆ, ತಿರುಗಿ ಹೋಗುವ ಗಾಡಿಯ ವೇಳೆಯನ್ನು ತಾವಾಗಿಯೇ ತಿಳಿಸಿದರು.

ನಮ್ಮ ಸೀಮೆಯಲ್ಲಿ ಈ ಕೆಲಸಕ್ಕೆ ಒಂದು ತೊಡಕಿದೆ. ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಸಿಕೊಂಡವನು ತಿರುಗಿ ಬಂದು, ಕೂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ತೀರ ತಡೆಯದಿದ್ದರೆ ‘ದೂರ ಹೊಂಟೀರೇನು?’ ಎನ್ನಬಹುದು. ಅವರು ‘ಹೂಂ, ಹಿಂಗ ಸ್ವಲ್ಪ’ ಎನ್ನುತ್ತಾರೆ, ಇಬ್ಬರಿಗೂ ಸಮಾಧಾನ. ನಾನು ಶಿಗ್ಗಾವಿಯವನು, ಇದೆಲ್ಲ ತಿಳಿದವನೇ. ಆದರೆ ನೌಕರಿಯ ಟೊಪ್ಪಿಗೆ ಹಾಕಿಕೊಂಡ ಮೊದಲ ದಿನ ಬುದ್ಧಿ ಅದರೊಳಗೆ ಸೇರಿಬಿಟ್ಟಿತ್ತು. ಕಿಟಕಿಗೆ ಬಂದವರನ್ನೆಲ್ಲ ‘ಎಲ್ಲಿಗೆ?’ ಎಂದು ಕೇಳಿದೆ. ಗಾಡಿ ಬಂದಾಗ ಅರ್ಧ ಮಂದಿ ಬೇವಿನ ಮರದ ಕೆಳಗೆ ಕೂತು ನೀರು ಕುಡಿಯುತ್ತಿದ್ದರು.

ಈ ಪದ್ಧತಿಯನ್ನು ಆಫ್ರಿಕಾದ ಕಾಡಿಗೂ ಒಯ್ದವನು ಗೋಣೆಪ್ಪ.

ಅವನ ಹುಟ್ಟೂರು ಚಿಕ್ಕೇರೂರು. ಹೆಂಡತಿ ಮುದಕವ್ವನ ಊರು ಯಲವಿಗಿ. ಮಾವನ ಹೊಲ ಅವಳ ಪಾಲಿಗೆ ಬಂದದ್ದರಿಂದ ಇಲ್ಲೇ ನೆಲೆಸಿದ್ದ. ನೆಲೆಸಿದ್ದ ಎಂಬ ಮಾತು ಬಾಯಿಮಾತಿಗೆ. ಆಫ್ರಿಕಾದಿಂದ ತಿರುಗಿ ಬಂದ ಮೇಲಂತೂ ಕೂತಲ್ಲಿ ಕೂಡುವ ಮನುಷ್ಯನಲ್ಲ. ನೇಗಿಲು ಹೂಡಿದರೆ ಅರ್ಧ ಸಾಲಿಗೆ ನಿಲ್ಲಿಸಿ ದೂರಕ್ಕೆ ನೋಡುತ್ತ ನಿಲ್ಲುವನು. ಗಾಡಿಯ ಸಿಳ್ಳು ಕೇಳಿದರೆ ಎತ್ತುಗಳನ್ನು ಹಾಗೆಯೇ ಬಿಟ್ಟು ಸ್ಟೇಶನ್ನಿಗೆ ಬರುವನು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದು, ಗಾಡಿ ಹೋದ ಮೇಲೆ ಯಾರೋ ತನಗೆ ಮೋಸ ಮಾಡಿದರೆಂಬಂತೆ ಕಂಬಿಗಳನ್ನು ದಿಟ್ಟಿಸುವನು.

‘ಗೋಣೆಪ್ಪಾ, ಆನಿ ಬಂತು ನೋಡೋ!’ ಎಂದು ಹಮಾಲರು ಕೂಗುತ್ತಿದ್ದರು. ಅವನು ನಿಜವಾಗಿಯೂ ತಿರುಗಿ ನೋಡುತ್ತಿದ್ದ.

ಮೂವತ್ತೆರಡನೆಯ ಇಸವಿಯಲ್ಲಿ ಹಾನಗಲ್ಲ ಕಡೆಯ ಕಾಡಿಗೆ ಪೆಂಡರ್ ಎಂಬ ಸಾಹೇಬ ಶಿಕಾರಿಗೆ ಬಂದಿದ್ದ. ಅವನ ಸಾಮಾನಿನ ಚಕ್ಕಡಿ ಹೊಡೆದವನು ಗೋಣೆಪ್ಪ. ಈ ಸಾಹೇಬನ ಉದ್ಯೋಗ ವಿಚಿತ್ರ: ವಿಲಾಯತಿಯ ಹಣವಂತರನ್ನು ಆಫ್ರಿಕಾಕ್ಕೆ ಕರೆದೊಯ್ದು, ಊರೇ ಇಲ್ಲದ ಅಡವಿಯಲ್ಲಿ ವಾರಗಟ್ಟಲೆ ನಡೆಸಿ, ಆನೆ ಸಿಂಹ ತೋರಿಸಿ, ಬದುಕಿದ್ದವರನ್ನು ತಿರುಗಿ ತಂದುಬಿಡುವುದು. ಅದಕ್ಕೆ ಎತ್ತು ನಡೆಸುವ ಆಳು ಬೇಕಾಗಿತ್ತು. ಗೋಣೆಪ್ಪ ಮನೆಗೆ ಬಂದು ಕಂಬಳಿ ತೆಗೆದುಕೊಂಡು, ‘ಬರ್ತೇನಿ’ ಎಂದು ಹೊರಟ. ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ, ಒಳ್ಳೆಯ ಮನೆತನದವರು.

‘ಅಲ್ಲಿ ಎತ್ತ ಬಾಳೂದಿಲ್ರಿ ಮಾಸ್ತರ್ರ,’ ಎಂದು ನನಗೆ ಹೇಳುತ್ತಿದ್ದ. ‘ಒಂದ ನೊಣ ಐತ್ರಿ. ಬರೇ ನೊಣ. ಅದು ಕಡದ್ರ ಎತ್ತು ಸೊರಗಿ ಸೊರಗಿ ಕುಸೀತೈತಿ. ನಾ ಸಿಂಹಕ್ಕ ಅಂಜಕೋಂತ ಹ್ವಾದಾವ, ನೊಣದ ಮುಂದ ಕುಂತ ಅತ್ತೇನಿ.’

‘ಆಮೇಲೆ ನೀನ ದಾರಿ ತೋರಿಸಿದ್ಯೇನು?’

‘ಛೇ ಛೇ! ದಾರಿ ತೋರಿಸಿದಾವ ಜುಮಾ. ಆ ಸೀಮಿಯಾವ. ಮುರದ ಹುಲ್ಲ ನೋಡಿ, ಆನಿ ಈಗ ಹ್ವಾತೋ ನಿನ್ನಿ ಹ್ವಾತೋ ಹೇಳಾವ. ನಾ ನೀರಿನ ಚೀಲಾ ಹೊತಗೊಂಡು ಅವನ ಬೆನ್ನಿಂದ ಹೊಂಟಾವ, ಅಷ್ಟ.’

ಪ್ರತಿ ಮುಂಜಾನೆ ಡೇರೆ ಕಿತ್ತು ಹೊರಡುವ ಹೊತ್ತಿಗೆ ಹಣ ಕೊಟ್ಟು ಬಂದ ದೊರೆಗಳು ಕೇಳುತ್ತಿದ್ದರಂತೆ: ಇವತ್ತು ಎಲ್ಲಿಗೆ? ಗೋಣೆಪ್ಪ ಚೀಲ ಇಳಿಸಿ ಕೂತುಬಿಡುವನು. ನೀರು ಕುಡಿದ ಹೊರತು ಏಳನು. ಜುಮಾ ಮೊದಲು ನಕ್ಕ; ಆಮೇಲೆ ತಾನೂ ಕೂತ. ಹೊರೆ ಹೊತ್ತವರಿಗೆ ಇದು ಬಹಳ ಒಳ್ಳೆಯ ಪದ್ಧತಿಯಾಗಿ ಕಂಡು ಅವರೂ ಕೂತರು. ಪೆಂಡರ್ ಸಾಹೇಬ ಕೂಗಾಡಿ ಸೋತು, ಕೊನೆಗೆ ಮುಂಜಾನೆ ಹೊತ್ತು ಎಲ್ಲಿಗೆ ಎಂದು ಯಾರೂ ಕೇಳಕೂಡದೆಂದು ಅಪ್ಪಣೆ ಮಾಡಿದ. ಅಲ್ಲಿಂದ ಮುಂದೆ ಆ ದೊರೆಗಳು ಎಲ್ಲಿಗೆ ಹೋಗುತ್ತಿದ್ದೇವೆಂದೇ ತಿಳಿಯದೆ ನಡೆದರು. ಅದೇ ಅವರಿಗೆ ಭಾರೀ ಸಾಹಸವೆನಿಸಿತಂತೆ.

ಎರಡು ವರ್ಷಕ್ಕೆ ತಿರುಗಿ ಬಂದ. ಬಂದವನು ದೇಹವನ್ನಷ್ಟೇ ತಂದಿದ್ದ.

ಮೂವತ್ತೇಳರ ಜೋಳ ಕೊಯ್ಲಿಗೆ ಬಂದ ಕಾಲಕ್ಕೆ ಸವಣೂರಿನ ಮಹಮ್ಮದಗೌಸ ಸುದ್ದಿ ತಂದ. ಅವನು ಇಲ್ಲಿಂದ ವೀಳ್ಯದೆಲೆಯ ಪೆಂಡಿಗಳನ್ನು ಗಾಡಿಗೆ ಹಾಕಿ ಮುಂಬಯಿಗೆ ಒಯ್ಯುವ ವ್ಯಾಪಾರಿ. ಅಲ್ಲಿ ಪೆಂಡರ್ ಸಾಹೇಬನ ಬಟ್ಲರ ಸಿಕ್ಕಿದ್ದನಂತೆ. ಸಾಹೇಬ ಮತ್ತೆ ಹೊರಟಿದ್ದಾನೆ, ಈ ಸಲ ಇನ್ನೂ ಒಳಗಿನ ಕಾಡಿಗೆ. ಜುಮಾ ಗೋಣೆಪ್ಪನೇ ಬೇಕೆಂದು ಹೇಳಿ ಕಳಿಸಿದ್ದಾನೆ. ಹಡಗು ಮುಂದಿನ ವಾರ. ಬಂದರೆ ಅವನ ಜಾಗ ಅವನದು, ಬಾರದಿದ್ದರೆ ಬೇರೆಯವರದು.

ಗೋಣೆಪ್ಪನ ಕಣ್ಣು ನೋಡಿ ನನಗೂ ಹುಚ್ಚು ಹಿಡಿಯಿತು. ಸಾಹೇಬನಿಗೊಬ್ಬ ಕಾರಕೂನ ಬೇಡವೇ? ಹುಬ್ಬಳ್ಳಿಗೆ ಹೋಗಿ ಕ್ಯಾನವಾಸ ಬೂಟು ತಂದೆ. ಹಾಕಿಕೊಂಡು ಸವಣೂರ ದಾರಿಯಲ್ಲಿ ನಡೆದು ನೋಡುವಾಗ ಕುರುಬರ ನಾಯಿಯೊಂದು ಎದ್ದು ನಿಂತಿತು. ನನ್ನ ಆಫ್ರಿಕಾ ಅಲ್ಲಿಗೆ ಮುಗಿಯಿತು.

ಗೋಣೆಪ್ಪ ಮೊದಲ ದಿನ ಗಂಟು ಹೊತ್ತು ಹೊಸ್ತಿಲು ದಾಟಿದ. ಒಳಗಿನಿಂದ ಮುದಕವ್ವ ಗಟ್ಟಿಯಾಗಿ ಕೇಳಿದಳು: ‘ಎಲ್ಲಿಗೆ ಹೊಂಟೀರಿ?’

ಅವನು ತಿರುಗಿ ಬಂದು ಕೂತ. ನೀರು ಕುಡಿದ. ಮತ್ತೆ ಎದ್ದ. ‘ಎಲ್ಲಿಗೆ?’ ಮತ್ತೆ ಕೂತ. ಅಷ್ಟರಲ್ಲಿ ಗಾಡಿ ಹೋಗಿತ್ತು. ಮರುದಿನವೂ ಹಾಗೆಯೇ. ಊರಿನವರು ನೋಡಲಿಕ್ಕೆ ಬಂದು ಕಟ್ಟೆಯ ಮೇಲೆ ಕೂತರು. ಹೊಟ್ಟೆ ತುಂಬ ನೀರು ಕುಡಿದು ಗೋಣೆಪ್ಪ ಸ್ಟೇಶನ್ನಿಗೆ ಬಂದು ನನ್ನ ಕಿಟಕಿಯ ಸರಳು ಹಿಡಿದುಕೊಂಡ.

‘ನಾಳಿನ ಗಾಡಿ ತಪ್ಪಿದ್ರ ಹಡಗ ತಪ್ಪಿದಂಗರಿ. ನೀವರ ಆಕಿಗೆ ಒಂದ ಮಾತ ಹೇಳ್ರಿ. ಸಾಲಿ ಕಲ್ತಾವ್ರು.’

ಸಾಲಿ ಕಲಿತವನು ಮರುದಿನ ಕಿಟಕಿಯನ್ನು ಹಮಾಲನಿಗೆ ಒಪ್ಪಿಸಿ ಅವರ ಮನೆಗೆ ಹೋದ. ಮುದಕವ್ವ ಬಾಗಿಲಲ್ಲೇ ಕೂತು ರೊಟ್ಟಿಯ ಬುತ್ತಿ ಕಟ್ಟುತ್ತಿದ್ದಳು. ಅಡ್ಡ ಹಾಕುವವಳು ಬುತ್ತಿಯನ್ನೇಕೆ ಕಟ್ಟುತ್ತಾಳೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ.

‘ಅಕ್ಕಾರ, ಹೊಂಟಾವರ್ನ ಹಿಂಗ ಅಡ್ಡ ಕೇಳಿದ್ರ ಹೆಂಗ್ರಿ?’ ಎಂದೆ.

‘ಯಾಕ ತಮ್ಮಾ, ನಿನಗ ಬೂಟ ಕಡದ್ವೇನು? ನೀನೂ ಹೊಂಟಿದ್ದಿಯಂತ.’

ಕಟ್ಟೆಯ ಮೇಲಿನವರು ನಕ್ಕರು. ಗೋಣೆಪ್ಪ ಗಂಟನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತ, ‘ಇವತ್ತೊಂದಿನ ಕೇಳಬ್ಯಾಡ’ ಎಂದ.

‘ಹಿಂದ ಕೇಳಲಿಲ್ಲಲ್ಲ,’ ಎಂದಳು ಮುದಕವ್ವ. ‘ಹೊಂಟಾವ್ರನ್ನ ಕೇಳಬಾರ್ದು ಅಂತ ಹಲ್ಲ ಕಚ್ಚಿ ಕುಂತೆ. ಹಾನಗಲ್ಲ ಅಡವ್ಯಾಗ ಅದಾರಂತ ಆರು ತಿಂಗಳು ತಿಳದೇನಿ. ಆಮ್ಯಾಲೆ ಶಿರಸಿ ಅಂದ್ರು. ಒಬ್ಬರು ಸತ್ತಾನ ಅಂದ್ರು. ಎರಡ ವರ್ಷ ಯಾವ ದಿಕ್ಕಿಗೆ ಮುಖಾ ಮಾಡಿ ನೆನಸಬೇಕು ಅನ್ನೂದ ಗೊತ್ತಿರಲಿಲ್ಲ. ಬಂದ ಮ್ಯಾಲರ ಹೇಳಿದ್ರೇನು? ಊರಿಗೆಲ್ಲ ಸಿಂಹದ ಕತಿ. ನನಗ ದಾರಿ ಹೇಳಲಿಲ್ಲ.’

‘ಮತ್ತ ನೀ ಕೇಳಿದ್ದು…’ ಎಂದ ಗೋಣೆಪ್ಪ.

‘ಹೇಳ್ತೀರಿ ಅಂತ ಕೇಳಿದೆ! ನಾ ಕೇಳಿದಾಗೊಮ್ಮೆ ನೀವು ಕುಂತು ನೀರ ಕುಡದ್ರಿ. ಬಾಯಿ ಬಿಡಲಿಲ್ಲ.’

ಗೋಣೆಪ್ಪ ನನ್ನ ಮುಖ ನೋಡಿದ. ನಾನು ಕಟ್ಟೆಯವರ ಮುಖ ನೋಡಿದೆ. ಎಲ್ಲಿಗೆ ಎಂಬುದಕ್ಕೆ ನೀರು ಕುಡಿಯುವುದೊಂದೇ ನಮಗೆಲ್ಲ ಗೊತ್ತಿತ್ತು; ಉತ್ತರ ಕೊಡಬಹುದೆಂದು ಯಾರಿಗೂ ತಿಳಿದಿರಲಿಲ್ಲ.

ಅತ್ತ ಕರಜಗಿಯ ಕಡೆ ಹೊಗೆ ಕಂಡಿತು.

‘ಗಾಡಿ ಬಂತ್ರಿ!’ ಎಂದೆ.

ಮುದಕವ್ವ ಬುತ್ತಿಯನ್ನು ತಲೆಗೇರಿಸಿ ತಾನೇ ಮುಂದೆ ಹೊರಟಳು. ‘ನಡಕೋಂತ ಹೇಳ್ರಿ.’

ಗೋಣೆಪ್ಪ ಓಡುತ್ತ ಹೇಳಿದ. ಹುಬ್ಬಳ್ಳಿ, ಪುಣೆ, ಮುಂಬಯಿ. ಆಮೇಲೆ ಹಡಗು, ಪಡುವಣಕ್ಕೆ. ದಾರೆಸಲಾಮ ಎಂಬ ಬಂದರ. ಅಲ್ಲಿಂದ ಮತ್ತೆ ರೈಲು, ಟಬೋರಾ, ಕಿಗೋಮಾ. ಅಲ್ಲೊಂದು ಕೆರೆ, ಆಚೆ ದಂಡೆ ಕಾಣದಷ್ಟು ದೊಡ್ಡದು.

‘ಕೆರಿ ದಾಟಿದ ಮ್ಯಾಲೆ?’

‘ಅಲ್ಲಿಂದ ಮುಂದ ನನಗ ಗೊತ್ತಿಲ್ಲ. ಜುಮಾಗ ಗೊತ್ತು.’

‘ಅವಗ ಹೆಂಡ್ತಿ ಅದಾಳೇನು?’

‘ಅದಾಳ.’

‘ಆಕಿ ಕೇಳ್ತಾಳೇನು, ಎಲ್ಲಿಗೆ ಅಂತ?’

ಗೋಣೆಪ್ಪ ಏದುಸಿರಿನಲ್ಲಿ ನಕ್ಕ. ‘ದಿನಾ ಕೇಳ್ತಾಳ. ಅವ ಹೇಳ್ತಾನ.’

ನಾವು ಪ್ಲಾಟ್‌ಫಾರ್ಮು ಹತ್ತುವಾಗ ಗಾಡಿ ನಿಂತಿತ್ತು. ಮಹಮ್ಮದಗೌಸ ಡಬ್ಬಿಯ ಬಾಗಿಲಲ್ಲಿ ಜೋತು, ‘ಬಾರೋ ದೋಸ್ತ, ನನ್ನ ಎಲಿ ಬಾಡಾಕತ್ತಾವ!’ ಎಂದು ಕೂಗುತ್ತಿದ್ದ. ಸ್ಟೇಶನ್ ಮಾಸ್ತರರು ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಗೋಣೆಪ್ಪ ಹತ್ತಿದವನು ಇಳಿದ. ಮತ್ತೆ ಹತ್ತಿದ. ‘ಜ್ವಾಳ ಕೊಯ್ಯೂದೈತಿ…’ ಎಂದ.

‘ಹಿಂದ ಯಾರ ಕೊಯ್ದಿದ್ರು?’ ಎಂದು ಮುದಕವ್ವ ಬುತ್ತಿಯನ್ನು ಅವನ ಕೈಗೆ ತುರುಕಿದಳು. ಗಾಡಿ ಅಲುಗಿತು.

ಮಾಸ್ತರರಿಂದ ಬೈಸಿಕೊಂಡು ನಾನು ಕಿಟಕಿಗೆ ಬಂದಾಗ ಅವಳು ಹೊರಗೆ ನಿಂತಿದ್ದಳು.

‘ಈಗ ಎಲ್ಲೈತಿ ತಮ್ಮಾ?’

‘ಗುಡಗೇರಿ ಬಂದಿರಬೇಕು.’

ಸ್ವಲ್ಪ ಹೊತ್ತಿಗೆ ಮತ್ತೆ: ‘ಈಗ?’

‘ಸಂಶಿ.’

‘ಈಗ?’

ಹೀಗೆ ಕುಂದಗೋಳ ದಾಟಿಸಿ ಹುಬ್ಬಳ್ಳಿ ಮುಟ್ಟಿಸಿದೆ. ಅಲ್ಲಿಂದಾಚೆಗೆ ನಾನೂ ಕುರುಡನೇ; ಗೋಡೆಯ ಮೇಲಿನ ವೇಳಾಪಟ್ಟಿ ನೋಡಿ ಹೇಳಬೇಕಾಯಿತು. ಮುಂದಿನ ಮೂರು ದಿನ ಕೊಯ್ಲಿಗೆ ಹೋಗುವ ಮುನ್ನ ಬಂದು ಕೇಳಿ ಹೋದಳು. ಕುಡುಗೋಲು ಸೊಂಟದಲ್ಲೇ ಇರುತ್ತಿತ್ತು.

ನಾಲ್ಕನೆಯ ದಿನ ಹೇಳಲಿಕ್ಕೆ ಪಟ್ಟಿಯಲ್ಲಿ ಏನೂ ಉಳಿದಿರಲಿಲ್ಲ.

‘ಸಮುದ್ರದಾಗ ಅದಾರ್ರಿ ಅಕ್ಕಾರ,’ ಎಂದೆ.

ಅವಳು ಪಡುವಣಕ್ಕೆ ತಿರುಗಿ ನಿಂತಳು. ‘ಅಲ್ಲಿ ಗಾಳಿ ಹೆಂಗೈತಿ?’

ನನಗೇನು ಗೊತ್ತು! ಆದರೂ ಕೂತಿರಲಾಗದೆ, ಎದ್ದು ಹೊರಗೆ ಹೋಗಿ, ಅವಳ ಪಕ್ಕದಲ್ಲಿ ನಿಂತು ಆ ಕಡೆಗೆ ನೋಡಿದೆ.